ಠರಾವಿನ ಕೆಳಗಿನ ನನ್ನ ಸಹಿ

ನಾನು ಪಂಚಾಯಿತಿ ಮೆಂಬರ್ ಆಗಲು ಇದ್ದ ದೊಡ್ಡ ಅರ್ಹತೆ ಎಂದರೆ ನನಗೆ ಸಹಿ ಮಾಡಲು ಬರುತ್ತಿತ್ತು. 2020ರ ಡಿಸೆಂಬರಿನ ಚುನಾವಣೆಗೆ ನಮ್ಮ ವಾರ್ಡಿನ ಒಂದು ಸೀಟು ಹಿಂದುಳಿದ ‘ಅ’ ವರ್ಗದ ಮಹಿಳೆಗೆ ಮೀಸಲಾಗಿತ್ತು. ಊರಿನ ನಾಲ್ಕು ಜನ ಹಿರಿಯರು ಬಂದಾಗ ನಾನು ಹೊಲಿಗೆ ಮಷಿನ್ ಮುಂದೆ ಕೂತು ಯಾರದೋ ಕುಪ್ಪಸಕ್ಕೆ ಗುಂಡಿ ಹಚ್ಚುತ್ತಿದ್ದೆ. “ನೀ ಹತ್ತನೆತ್ತಾ ಪಾಸಾಗೀಯವ್ವಾ, ಸಹಿ ಮಾಡಾಕ ಬರತೈತಿ. ನಿಂದ್ರು. ಉಳಿದದ್ದು ನಾವು ನೋಡ್ಕೊಂತೀವಿ” ಎಂದರು. ಉಳಿದದ್ದು ಎಂದರೆ ಏನು ಎಂದು ಅವತ್ತು ನಾನು ಕೇಳಲಿಲ್ಲ. 31 ಮತದಿಂದ ಆರಿಸಿ ಬಂದೆ. ಆಗ ತಿಂಗಳಿಗೆ 1,000 ರೂಪಾಯಿ ಗೌರವಧನ ಇತ್ತು. ಹೊಲಿಗೆಯಲ್ಲಿ ಅದರ ನಾಲ್ಕು ಪಟ್ಟು ದುಡಿಯುತ್ತಿದ್ದೆ.

ನಮ್ಮದು ಹಾವೇರಿ ಜಿಲ್ಲೆ, ವರದಾ ನದಿಯ ದಂಡೆಯ ಊರು. ಗೋವಿನಜೋಳ, ಹತ್ತಿ, ಒಂದಿಷ್ಟು ಮೆಣಸಿನಕಾಯಿ. ಹಳೇ ಮನೆಗಳೆಲ್ಲ ಮಣ್ಣಿನ ಗೋಡೆಯವು. 2019ರ ಆಗಸ್ಟಿನಲ್ಲಿ ವರದೆ ಉಕ್ಕಿ, ಮಳೆ ಎಂಟು ದಿನ ಬಿಡದೆ ಹೊಡೆದಾಗ ನಮ್ಮ ಮೈದುನನ ಮನೆಯ ಪಡಸಾಲೆ ಗೋಡೆ ರಾತ್ರಿ ಹೊತ್ತಿನಲ್ಲಿ ಕೂತಿತು. ಗೋಡೆ ಬಿತ್ತು ಎಂದು ನಾವು ಹೇಳುವುದಿಲ್ಲ. ಮಣ್ಣಿನ ಗೋಡೆ ಬೀಳುವುದಿಲ್ಲ, ನೆನೆದು ಮೊಣಕಾಲು ಮಡಚಿ ಕೂರುತ್ತದೆ. ಸರ್ಕಾರ ಪೂರಾ ಬಿದ್ದ ಮನೆಗೆ 5 ಲಕ್ಷ ಎಂದಿತು. ಮೈದುನನ ಹೆಂಡತಿ, ನನ್ನ ನೆಗೆಣ್ಣಿಯ ಮನೆ ‘ಸಿ’ ವರ್ಗಕ್ಕೆ ಬಿತ್ತು, ಅಂದರೆ ಸ್ವಲ್ಪ ಹಾನಿ, 50,000 ರೂಪಾಯಿ. ಆ ದುಡ್ಡಿನಲ್ಲಿ ಮೂರು ಕಡೆ ತಗಡು, ಮೇಲೆ ತಾಡಪತ್ರಿ ಆಯಿತು. ಉಳಿದದ್ದು ಹಳೇ ಸಾಲಕ್ಕೆ ಹೋಯಿತು. ಈ 50,000 ರೂಪಾಯಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದೇ ನಮ್ಮ ಕುತ್ತಿಗೆಗೆ ಬಂತು.

ಗೆದ್ದ ಮೇಲೆ ನಮಗೆಲ್ಲ ತರಬೇತಿ ಇತ್ತು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯವರು ಕಳಿಸಿದ ಪುಸ್ತಕ ಕೊಟ್ಟರು, ಊಟ ಚೆನ್ನಾಗಿತ್ತು. ಬಹಳ ಜನ ಹೆಣ್ಣು ಮೆಂಬರ್‌ಗಳ ಗಂಡಂದಿರು ಹೊರಗೆ ಗಿಡದ ನೆರಳಿಗೆ ಬೈಕ್ ಮೇಲೆ ಕೂತಿದ್ದರು. ಪಾಠ ಹೇಳಿದವರು ಒಬ್ಬ ನಿವೃತ್ತ ಮೇಷ್ಟ್ರು. ಯಾವುದೇ ವಿಷಯದಲ್ಲಿ ಮೆಂಬರನಿಗೆ ಸ್ವಂತ ಹಣದ ಲಾಭ ಇದ್ದರೆ ಆ ಚರ್ಚೆಯಲ್ಲಿ ಅವನು ಮಾತಾಡಬಾರದು, ಮತ ಹಾಕಬಾರದು ಎಂದು ಅವರು ಹೇಳಿದರು. ಪಂಚಾಯಿತಿ ಕೆಲಸದ ಗುತ್ತಿಗೆಯಲ್ಲಿ ಪಾಲಿದ್ದರೆ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮೆಂಬರ್‌ಗಿರಿಯೇ ಹೋಗುತ್ತದೆ ಎಂದೂ ಹೇಳಿದರು. ಯಾರೋ ಎದ್ದು, “ಸರ, ನಮ್ಮ ಸಂಬಂಧಿಕರದ್ದು ಬಂದ್ರ?” ಎಂದು ಕೇಳಿದರು. ಮೇಷ್ಟ್ರು ನಕ್ಕು, “ಎದ್ದು ಹೊರಗ ಹೋಗಿ ಚಾ ಕುಡೀರಿ. ಕಾಯ್ದೆ ಕೇಳದಿದ್ರೂ ಮರ್ಯಾದಿ ಕೇಳತೈತಿ” ಎಂದರು. ನಾನು ಆ ಮಾತನ್ನು ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡೆ.

ಮೇಷ್ಟ್ರು ಹೇಳಿದ್ದು ಸರಿ, ಆದರೆ ನಮ್ಮ ಊರಲ್ಲಿ ಅದು ಎಷ್ಟು ಕಷ್ಟ ಎಂದು ನೋಡಿ. ಸುಮಾರು 400 ಜನಕ್ಕೆ ಒಬ್ಬ ಮೆಂಬರ್. 400 ಜನ ಎಂದರೆ ನಮ್ಮಲ್ಲಿ ಮೂರು ಓಣಿ. ಆ ಮೂರು ಓಣಿಯಲ್ಲಿ ಒಂದೋ ಅಣ್ಣತಮ್ಮಂದಿರು, ಒಂದೋ ಬೀಗರು, ಎರಡೂ ಅಲ್ಲದಿದ್ದರೆ ನಿನ್ನೆ ಮೊನ್ನೆ ಜಗಳಾಡಿ ಮಾತು ಬಿಟ್ಟವರು. ‘ಫಲಾನುಭವಿ ಪಟ್ಟಿಯಲ್ಲಿ ಸದಸ್ಯರ ಸಂಬಂಧಿಕರು’ ಎಂದು ಪೇಪರಿನಲ್ಲಿ ಬಂದಾಗ ನನಗೆ ನಗು ಬರುತ್ತದೆ. ಸಂಬಂಧಿಕರಲ್ಲದವರನ್ನು ಎಲ್ಲಿಂದ ತರುವುದು? ಬಡವರಾದ ಸಂಬಂಧಿಕರೂ ಇರುತ್ತಾರಲ್ಲ. ತಪ್ಪು ಇರುವುದು ಪಟ್ಟಿಯಲ್ಲಿ ಅವರ ಹೆಸರು ಇರುವುದರಲ್ಲಿ ಅಲ್ಲ, ಆ ಹೆಸರು ಓದುವಾಗ ನಾವು ಕುರ್ಚಿಯಲ್ಲಿ ಕೂತಿರುವುದರಲ್ಲಿ. ಇಷ್ಟು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು. ತಿಳಿದ ಮೇಲೂ ನಷ್ಟವೇ ಆಯಿತು.

2022ರ ಆರಂಭದಲ್ಲಿ ನಮ್ಮ ಪಂಚಾಯಿತಿಗೆ ಮನೆಗಳ ಗುರಿ ಬಂತು. ಅದಕ್ಕೂ ಮುಂಚೆ ಕೆಲವು ವರ್ಷ ಬಂದಿರಲೇ ಇಲ್ಲ, ಹಾಗಾಗಿ ಜನ ಹಸಿದು ಕೂತಿದ್ದರು. ಬಸವ ವಸತಿ ಯೋಜನೆಯಲ್ಲಿ ನಮಗೆ ಬಂದಿದ್ದು 50. ಮನೆಗೆ 1.20 ಲಕ್ಷ. ರಾಜೀವ್ ಗಾಂಧಿ ವಸತಿ ನಿಗಮದಿಂದ ನೇರ ಖಾತೆಗೆ, ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ನಾಲ್ಕು ಕಂತು. ಪ್ರತಿ ಹಂತಕ್ಕೂ ಪಂಚಾಯಿತಿಯವರು ಬಂದು ಜಾಗದಲ್ಲೇ ಫೋಟೋ ಹೊಡೆದು ಆ್ಯಪ್‌ಗೆ ಏರಿಸಬೇಕು. ನಮ್ಮೂರಲ್ಲಿ ಇದಕ್ಕೆ ‘ಜಿಪಿಎಸ್ ಹೊಡಿಯೂದು’ ಎನ್ನುತ್ತಾರೆ. ಜಿಪಿಎಸ್ ಹೊಡೆಯದಿದ್ದರೆ ಬಿಲ್ಲಿಲ್ಲ. ಇದರ ಜೊತೆಗೆ ಉದ್ಯೋಗ ಖಾತ್ರಿಯಲ್ಲಿ 90 ದಿನದ ಕೂಲಿ. ಆ ವರ್ಷದ ಕೂಲಿ ದಿನಕ್ಕೆ 309 ರೂಪಾಯಿ, ಅಂದರೆ ಇನ್ನೊಂದು 27,810. ಎಲ್ಲ ಕೂಡಿಸಿದರೂ ಒಂದೂವರೆ ಲಕ್ಷ ಮುಟ್ಟುವುದಿಲ್ಲ. ಇಷ್ಟರಲ್ಲಿ ಮನೆ ಮುಗಿಯುವುದಿಲ್ಲ, ಉಳಿದದ್ದಕ್ಕೆ ಸಂಘದ ಸಾಲ. ಆದರೂ ಮನೆ ‘ಬಿದ್ದರೆ’ ಜನ ಸಕ್ಕರೆ ಹಂಚುತ್ತಾರೆ. ನಮ್ಮ ಕಡೆ ಮನೆ ಮಂಜೂರಾಗುವುದಕ್ಕೂ ‘ಮನಿ ಬಿತ್ತು’ ಎಂದೇ ಹೇಳುತ್ತಾರೆ, ಮಳೆಗೆ ಬಿದ್ದರೂ ಅದೇ ಮಾತು.

ಗ್ರಾಮಸಭೆ ಹನುಮಪ್ಪನ ಗುಡಿಯ ಮುಂದೆ ನಡೆಯಿತು. ಎರಡು ತಾಸು ಕೂಗಾಟ ಆಗಿ, ಕಡೆಗೆ 50 ಹೆಸರು ಓದಿದರು. ನೆಗೆಣ್ಣಿಯ ಹೆಸರು 37ನೆಯದು. ಅವಳ ಹೆಸರನ್ನು ನಾನು ಹೇಳಿರಲಿಲ್ಲ. ಅವಳ ಮನೆ ಎದುರಿನ ಮುದುಕಿ ಎದ್ದು ನಿಂತು, “ತಾಡಪತ್ರಿ ಒಳಗ ಹಸುಗೂಸು ಇಟಗೊಂಡ ಮಲಗತಾಳ, ಆಕಿಗೆ ಹಾಕ್ರಿ ಮೊದಲ” ಎಂದಿದ್ದಳು. ನೋಡಲ್ ಅಧಿಕಾರಿ ಬರೆದುಕೊಂಡರು. ನಾನು ತಲೆ ತಗ್ಗಿಸಿ ಕೂತಿದ್ದೆ. ಸಂತೋಷವಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಸಭೆ ಮುಗಿದ ಮೇಲೆ ಠರಾವು ಪುಸ್ತಕ ಬಂತು. ಎಡಗಡೆ ಪುಟ ಖಾಲಿ, ಬಲಗಡೆ ಪುಟ ಖಾಲಿ, ಕೆಳಗೆ ಎಲ್ಲರ ಸಹಿ. “ಆಮ್ಯಾಗ ಛಂದಂಗ ಬರೀತೀವ್ರಿ ಅಕ್ಕಾರ, ಕರೆಂಟ್ ಇಲ್ಲ” ಎಂದು ಕಂಪ್ಯೂಟರ್ ಹುಡುಗ ಪೆನ್ನು ಕೊಟ್ಟ. ಅದಕ್ಕೂ ಮುಂಚೆ ಹತ್ತು ಹನ್ನೆರಡು ಸಭೆಗಳಲ್ಲಿ ನಾನು ಹಾಗೆಯೇ ಸಹಿ ಹಾಕಿದ್ದೆ. ಅವತ್ತೂ ಹಾಕಿದೆ.

ಮೂರು ವಾರದ ಮೇಲೆ ಪಂಚಾಯಿತಿಯ ಸಾಮಾನ್ಯ ಸಭೆ. ಪಟ್ಟಿಗೆ ಅನುಮೋದನೆ ಕೊಡುವ ವಿಷಯ. 15 ಜನ ಮೆಂಬರುಗಳಲ್ಲಿ 12 ಮಂದಿ ಬಂದಿದ್ದೆವು. ಪಿಡಿಒ ಸಾಹೇಬರು ಓದುತ್ತಾ ಹೋದಂತೆ ನನಗೆ ಗೊತ್ತಿಲ್ಲದ ಹೆಸರುಗಳು ಬರತೊಡಗಿದವು. ಗೊತ್ತಿಲ್ಲದ ಎಂದರೆ, ಗುಡಿಯ ಮುಂದೆ ಕೇಳದ ಹೆಸರುಗಳು. ಇಟ್ಟಂಗಿ ಅಂಗಡಿ ಇಟ್ಟಿದ್ದ ಒಬ್ಬ ಮೆಂಬರಿನ ಸೊಸೆ. ಇನ್ನೊಬ್ಬ ಮೆಂಬರಿನ ತಮ್ಮನ ಹೆಂಡತಿ, ಹೋದ ತಿಂಗಳಷ್ಟೇ ಬೇರೆ ರೇಷನ್ ಕಾರ್ಡ್ ಮಾಡಿಸಿದ್ದಾಳೆ. ಉಪಾಧ್ಯಕ್ಷರ ಅಕ್ಕ, ಅವಳ ಗಂಡನ ಮನೆ ಬೇರೆ ತಾಲ್ಲೂಕಿನಲ್ಲಿದೆ. ನಾನು ಬೆರಳಲ್ಲಿ ಎಣಿಸುತ್ತಾ ಹೋದೆ. ಹೆಸರು ಬಂದ ಮೆಂಬರುಗಳೆಲ್ಲ ಅಲ್ಲೇ ಕೂತಿದ್ದರು. ಒಬ್ಬರು ಮಿರ್ಚಿ ತಿನ್ನುತ್ತಿದ್ದರು.

ಆಮೇಲೆ ನೆಗೆಣ್ಣಿಯ ಹೆಸರು ಬಂತು. ಮೇಷ್ಟ್ರು ಹೇಳಿದ್ದು ನೆನಪಾಯಿತು. ಎದ್ದು ನಿಂತು, “ಇದು ನಮ್ಮ ಮೈದುನನ ಮನೀದರಿ, ನಾ ಇದರಾಗ ಕುಂದ್ರೂದಿಲ್ಲ. ನೀವೂ ನಿಮ್ಮ ನಿಮ್ಮವರ ಹೆಸರು ಬಂದಾಗ ಹೊರಗ ಹೋಗಬೇಕಿತ್ತು” ಎಂದು ಹೇಳಿ ವರಾಂಡಕ್ಕೆ ಬಂದೆ. ಕಾಲು ನಡುಗುತ್ತಿದ್ದವು. ವರಾಂಡದಲ್ಲಿ ನೀರಿನ ಫಿಲ್ಟರ್ ಇತ್ತು, ಅದು ಕೆಟ್ಟಿತ್ತು. ಅದರ ಪಕ್ಕ ನಿಂತೆ. ಒಳಗಿಂದ ಒಂದು ನಗು ಕೇಳಿಸಿತು, ಆಮೇಲೆ ಸದ್ದಿಲ್ಲ. ಐದು ನಿಮಿಷ ಬಿಟ್ಟು ಕರೆದರು. ಹೋದೆ. ಓದುವುದು 40ನೇ ಹೆಸರಿಗೆ ಬಂದಿತ್ತು.

ಹೊರಗೆ ಹೋದ ಆ ಐದು ನಿಮಿಷದಲ್ಲಿ ಅವರು ಅವಳ ಹೆಸರು ತೆಗೆದಿದ್ದರು. ಕಾರಣ, ‘ಈಗಾಗಲೇ ಸರ್ಕಾರದ ಸೌಲಭ್ಯ ಪಡೆದಿದ್ದಾರೆ.’ 2019ರ ಆ 50,000. ಗೋಡೆ ರಿಪೇರಿಯ ದುಡ್ಡನ್ನು ಮನೆ ಎಂದು ಲೆಕ್ಕ ಹಿಡಿದಿದ್ದರು. ನನಗೆ ಇದು ಗೊತ್ತಾದದ್ದು ಮುಂದಿನ ವಾರ, ನೋಟಿಸ್ ಬೋರ್ಡಿಗೆ ಹಚ್ಚಿದ ಪಟ್ಟಿ ನೋಡಿ ಬಂದ ನೆಗೆಣ್ಣಿಯಿಂದಲೇ. ಅವಳು ನಮ್ಮ ಹೊಸ್ತಿಲ ಹೊರಗೇ ನಿಂತಳು. ಕಂಕುಳಲ್ಲಿ ಕೂಸು.

“ಅಕ್ಕಾ, ನನ್ನ ಹೆಸರು ಬಂದಾಗ ನೀ ಎದ್ದು ಹೊರಗ ಹೋದ್ಯಂತ, ಖರೇನ?”

“ಹೌದವಾ, ಕಾಯ್ದೆ ಹಂಗ ಐತಿ...”

“ಅವರು ತಮ್ಮವರ ಸಲುವಾಗಿ ಕುಂತ್ರು. ನೀ ನನ್ನ ಸಲುವಾಗಿ ಎದ್ದು ಹೋದಿ.”

ಇಷ್ಟೇ ಅಂದಿದ್ದು. ಆಮೇಲೆ ಮೂರು ವರ್ಷ ನನ್ನ ಜೊತೆ ಮಾತಾಡಲಿಲ್ಲ. ನಮ್ಮ ಮನೆಗಳ ನಡುವೆ ಇರುವುದು ಒಂದೇ ಗೋಡೆ.

ನಮ್ಮ ಮನೆಯವರು ಹೇಳಿದ್ದು, “ಸುಮ್ಮನಿರು, ಮುಂದಿನ ಗುರಿಯೊಳಗ ಹಾಕಿಸೂಣು.” ಅತ್ತೆ ಹೇಳಿದ್ದು ಬರೆಯುವಂಥದ್ದಲ್ಲ. ನಾನು ಸುಮ್ಮನಿರಲಿಲ್ಲ. ಅದಕ್ಕೆ ಅರ್ಧ ಕಾರಣ ನ್ಯಾಯ, ಅರ್ಧ ಕಾರಣ ಆ ನಗು. ತಾಲ್ಲೂಕು ಪಂಚಾಯಿತಿಯ ಇಒ ಅವರಿಗೆ ಒಂದು ಅರ್ಜಿ, ಜಿಲ್ಲಾ ಪಂಚಾಯಿತಿಯ ಸಿಇಒ ಅವರಿಗೆ ಒಂದು ಅರ್ಜಿ ಕೊಟ್ಟೆ. ಗ್ರಾಮಸಭೆ ಆರಿಸಿದ ಒಂಬತ್ತು ಜನರನ್ನು ತೆಗೆದು ಮೆಂಬರುಗಳ ಮನೆಯವರನ್ನು ಸೇರಿಸಿದ್ದಾರೆ ಎಂದು ಬರೆದೆ. ನೆಗೆಣ್ಣಿಯ ಹೆಸರನ್ನು ಬೇಕೆಂದೇ ಬರೆಯಲಿಲ್ಲ. ಒಂಬತ್ತರಲ್ಲಿ ಅವಳೂ ಒಬ್ಬಳು ಎಂದು ಓದಿದವರಿಗೆ ತಿಳಿಯುತ್ತದೆ, ನಾನು ಯಾಕೆ ಬಾಯಿ ಬಿಡಬೇಕು ಎಂದುಕೊಂಡೆ.

ಒಂದು ತಿಂಗಳಾದ ಮೇಲೆ ಇಒ ಕಚೇರಿಗೆ ಕರೆದರು. ಸಾಹೇಬರು ಒಳ್ಳೆಯವರೇ. ನೀರು ಕೊಡಿಸಿದರು. ಆಮೇಲೆ ನಮ್ಮ ಪಂಚಾಯಿತಿಯಿಂದ ತರಿಸಿದ ಠರಾವು ಪುಸ್ತಕ ತೆಗೆದು ನನ್ನ ಕಡೆ ತಿರುಗಿಸಿದರು. ಗ್ರಾಮಸಭೆಯ ಠರಾವು. ನಾನು ಖಾಲಿ ಬಿಟ್ಟು ಸಹಿ ಹಾಕಿದ ಪುಟ. ಈಗ ಅದರಲ್ಲಿ ದುಂಡನೆಯ ಅಕ್ಷರಗಳಲ್ಲಿ 50 ಹೆಸರು ತುಂಬಿದ್ದವು. ಹೊಸ ಒಂಬತ್ತು ಸೇರಿಯೇ. ಗುಡಿಯ ಮುಂದೆ ಅವರನ್ನೇ ಆರಿಸಿದ ಹಾಗೆ. ಕಡೆಯ ಮೂರು ಹೆಸರಿಗೆ ಜಾಗ ಸಾಲದೆ ಅಕ್ಷರ ಸಣ್ಣದಾಗಿ, ಸಹಿಗಳ ಮೇಲೆ ಹತ್ತಿ ಕೂತಿದ್ದವು. ನನ್ನ ಸಹಿಯ ಮೊದಲ ಅಕ್ಷರದ ತಲೆಕಟ್ಟಿನ ಮೇಲೇ ಉಪಾಧ್ಯಕ್ಷರ ಅಕ್ಕನ ಹೆಸರಿನ ಬಾಲ ಬಂದಿತ್ತು.

“ಇದು ನಿಮ್ಮ ಸಹೀನ ಹೌದಲ್ರಿ?” ಎಂದು ಸಾಹೇಬರು ಕೇಳಿದರು.

ಹೌದು ಎಂದೆ. ಬೇರೆ ಏನು ಹೇಳಲಿ? ಖಾಲಿ ಪುಟಕ್ಕೆ ಸಹಿ ಹಾಕಿದ್ದೆ ಎಂದರೆ ನನ್ನದೇ ತಪ್ಪು. ಅದನ್ನೂ ಹೇಳಿದೆ. ಸಾಹೇಬರು ಪೆನ್ನಿನ ಮುಚ್ಚಳ ಹಾಕುತ್ತಾ, “ಅದನ್ನ ಬರವಣಿಗಿಯೊಳಗ ಕೊಟ್ರ ನಿಮಗ ತೊಂದರಿ ಆಗತೈತಿ ನೋಡ್ರಿ” ಎಂದರು. ಬೆದರಿಕೆಯ ಧ್ವನಿಯಲ್ಲಿ ಅಲ್ಲ. ಅವರು ಹೇಳಿದ್ದು ನಿಜವೂ ಆಗಿತ್ತು. ನಾನು ಬರೆದು ಕೊಟ್ಟೆ.

ಆಮೇಲಿನದು ಮಾಹಿತಿ ಹಕ್ಕಿನ ಕಥೆ. 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದೆ. 30 ದಿನದಲ್ಲಿ ಕೊಡಬೇಕು, ಕೊಡಲಿಲ್ಲ. ಮೇಲ್ಮನವಿ ಹಾಕಿದೆ. ಕಡೆಗೆ ಪುಟಕ್ಕೆ 2 ರೂಪಾಯಿಯಂತೆ 424 ರೂಪಾಯಿ ಕಟ್ಟಿ 212 ಪುಟ ತಂದೆ. ಸ್ವಂತ ಪಂಚಾಯಿತಿಯ ಕಾಗದವನ್ನು ಮೆಂಬರ್ ದುಡ್ಡು ಕೊಟ್ಟು ಕೊಳ್ಳುವ ಪರಿಸ್ಥಿತಿಗೆ ಕಂಪ್ಯೂಟರ್ ಹುಡುಗನೇ ನಾಚಿ ಒಂದು ಪ್ಲಾಸ್ಟಿಕ್ ಫೈಲ್ ಪುಕ್ಕಟೆ ಕೊಟ್ಟ. ಆ ಕಾಗದಗಳಲ್ಲೇ ಫೋಟೋಗಳಿದ್ದವು. ಕಪ್ಪು ಬಿಳಿ ಜೆರಾಕ್ಸ್. ಆದರೂ ಒಂದು ಫೋಟೋ ನನ್ನ ಕಣ್ಣಿಗೆ ಹೊಡೆಯಿತು. ‘ಛಾವಣಿ ಹಂತ’ ಎಂದು ತೋರಿಸಿದ ಮನೆಯ ಗೋಡೆಯ ಬುಡದಲ್ಲಿ ಒಂದು ಕಲ್ಲಿನ ಗೂಟ. ನಾನು ದಿನಾ ನೀರಿಗೆ ಹೋಗುವ ದಾರಿಯ ಗೂಟ ಅದು. ಅಲ್ಲಿ ಒಂದು ಎಮ್ಮೆ ಕಟ್ಟುತ್ತಾರೆ.

ಜಿಲ್ಲೆಯಿಂದ ತನಿಖೆಗೆ ಬಂದವರನ್ನು ಅಲ್ಲಿಗೇ ಕರೆದುಕೊಂಡು ಹೋದೆ. 2023ರ ಬೇಸಿಗೆ. ದನದ ಕೊಟ್ಟಿಗೆಗೆ ಆಕಾಶನೀಲಿ ಬಣ್ಣ ಬಳಿದು, ಬಾಗಿಲ ಮೇಲೆ ಯೋಜನೆಯ ಹೆಸರು, ವರ್ಷ ಬರೆಸಿದ್ದರು. ಒಳಗೆ ಹೊಸ ಟೈಲ್ಸ್ ಕಾಲು ಭಾಗ ಮಾತ್ರ ಹಾಕಿದ್ದರು, ಬಾಗಿಲಿನಿಂದ ಫೋಟೋ ಹೊಡೆದರೆ ಕಾಣುವಷ್ಟು. ಉಳಿದದ್ದು ಗಂಜಳದ ನೆಲ. ಗೋದಲಿಯ ಮೇಲೆ ಹಲಗೆ ಇಟ್ಟು ಅದರ ಮೇಲೆ ಗ್ಯಾಸ್ ಒಲೆ. ಸಿಲಿಂಡರ್ ಇರಲಿಲ್ಲ. ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ಹೋಗಿ ಹೊರಗೆ ಬಂದರು. ಮನೆ ಯಜಮಾನಿ ಎಂದು ಕಾಗದದಲ್ಲಿದ್ದ ಹೆಣ್ಣುಮಗಳು, ಇಟ್ಟಂಗಿ ಅಂಗಡಿಯವರ ಸೊಸೆ, ತಲೆ ಮೇಲೆ ಸೆರಗು ಎಳೆದುಕೊಂಡು ಒಂದು ಮಾತೂ ಆಡದೆ ನಿಂತಿದ್ದಳು. ಮನೆಗಳನ್ನು ಹೆಂಗಸರ ಹೆಸರಿನಲ್ಲೇ ಕೊಡಬೇಕು ಎಂಬ ನಿಯಮ ಒಳ್ಳೆಯದೇ. ಆದರೆ ಸಿಕ್ಕಿಬಿದ್ದಾಗ ಅಂಗಳದಲ್ಲಿ ನಿಲ್ಲುವವಳೂ ಹೆಂಗಸೇ. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳನ್ನು ಯಾರೂ ಕೇಳಿರಲಿಕ್ಕಿಲ್ಲ, ನನ್ನನ್ನೂ ಸಹಿಗಾಗಿಯೇ ನಿಲ್ಲಿಸಿದ್ದರಲ್ಲ.

ಇಟ್ಟಂಗಿ ಅಂಗಡಿಯ ವಿಷಯವನ್ನೂ ಅರ್ಜಿಯಲ್ಲಿ ಬರೆದಿದ್ದೆ. ಮನೆ ಬಿದ್ದವರೆಲ್ಲ ಆ ಮೆಂಬರಿನ ಅಂಗಡಿಯಲ್ಲೇ ಸಿಮೆಂಟು, ಇಟ್ಟಂಗಿ ತೆಗೆದುಕೊಳ್ಳಬೇಕು. ಉಸುಕು ಅವರ ತಮ್ಮನ ಟ್ರ್ಯಾಕ್ಟರಿನದು. ಹೀಗೆಂದು ಎಲ್ಲೂ ಬರೆದಿಲ್ಲ, ಆದರೆ ಬೇರೆ ಕಡೆ ತೆಗೆದುಕೊಂಡವರ ಜಿಪಿಎಸ್ ತಡವಾಗುತ್ತಿತ್ತು, ಇವರಲ್ಲಿ ತೆಗೆದುಕೊಂಡವರದು ಮೂರೇ ದಿನಕ್ಕೆ. ತನಿಖೆಯವರು ಇದಕ್ಕೆ ಏನು ಹೇಳಿದರು ಗೊತ್ತೇ? ಮನೆಯನ್ನು ಫಲಾನುಭವಿಯೇ ಕಟ್ಟಿಕೊಳ್ಳುವುದು, ಪಂಚಾಯಿತಿ ಗುತ್ತಿಗೆ ಕೊಡುವುದಿಲ್ಲ. ಗುತ್ತಿಗೆ ಇಲ್ಲದ ಮೇಲೆ ಗುತ್ತಿಗೆಯಲ್ಲಿ ಪಾಲು ಎಲ್ಲಿಂದ ಬರುತ್ತದೆ? ಅಂಗಡಿಯವನಿಂದ ಇಟ್ಟಂಗಿ ಕೊಂಡದ್ದು ಊರಿನವರ ಇಷ್ಟ. ಬಡವರ ಕೈಗೇ ದುಡ್ಡು ಹೋಗಲಿ, ಗುತ್ತಿಗೆದಾರ ನಡುವೆ ಬರದಿರಲಿ ಎಂದು ಮಾಡಿದ ನಿಯಮ ಕಡೆಗೆ ಅಂಗಡಿಯವನಿಗೇ ಕೊಡೆ ಹಿಡಿಯಿತು. ಅಧಿಕಾರಿ ಸುಳ್ಳು ಹೇಳಲಿಲ್ಲ. ಕಾಯ್ದೆಯ ಅಕ್ಷರ ಹಾಗೇ ಇತ್ತು.

ಆ ಒಂದು ವರ್ಷದಲ್ಲಿ ಮನೆಯಲ್ಲಿ ಏನಾಯಿತು ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಮನೆಯವರು ಓಡಿಸುತ್ತಿದ್ದ ಟ್ರ್ಯಾಕ್ಟರಿನ ಯಜಮಾನರು ಉಪಾಧ್ಯಕ್ಷರ ಬೀಗರು. ಬೇರೆ ಡ್ರೈವರ್ ಸಿಕ್ಕ ಎಂದರು. ನನಗೆ ಹೊಲಿಗೆಗೆ ಬರುವ ಬಟ್ಟೆ ನಿಂತಿತು. ಪಂಚಮಿಗೆ ಪ್ರತಿ ವರ್ಷ ನಲವತ್ತು ಕುಪ್ಪಸ ಹೊಲಿಯುತ್ತಿದ್ದವಳು ಆ ವರ್ಷ ಹೊಲಿದದ್ದು ಆರು. ಅದರಲ್ಲಿ ಎರಡು ನನ್ನವೇ. ಒಂದು ರಾತ್ರಿ ಯಾರೋ ಬಾಗಿಲ ಮುಂದೆ ನಿಂಬೆಹಣ್ಣು, ಕುಂಕುಮ ಇಟ್ಟು ಹೋದರು. ಅತ್ತೆ ಹೆದರಿ ಮೂರು ದಿನ ಜ್ವರ ಮಾಡಿಕೊಂಡರು. ನಾನು ಆ ನಿಂಬೆಹಣ್ಣನ್ನು ತುಳಿದೇ ಹೋದೆ. ಧೈರ್ಯದಿಂದಲ್ಲ, ಕತ್ತಲಲ್ಲಿ ಕಾಣಲಿಲ್ಲ.

ತನಿಖೆಯ ಫಲ ಇಷ್ಟು. ಒಂಬತ್ತರಲ್ಲಿ ಆರು ಮನೆಗಳನ್ನು ತಡೆಹಿಡಿದರು. ಕಂತು ಪಡೆದಿದ್ದ ಇಬ್ಬರಿಗೆ ವಾಪಸ್ ಕಟ್ಟಿ ಎಂದು ನೋಟಿಸ್ ಹೋಯಿತು. ಕಟ್ಟಿದ್ದನ್ನು ನಾನು ನೋಡಿಲ್ಲ. ಪಿಡಿಒ ಸಾಹೇಬರಿಗೆ ವರ್ಗಾವಣೆ. ಯಾವ ಮೆಂಬರೂ ಮೆಂಬರ್‌ಗಿರಿ ಕಳೆದುಕೊಳ್ಳಲಿಲ್ಲ. ಅಧ್ಯಕ್ಷರ 30 ತಿಂಗಳ ಮೊದಲ ಅವಧಿ ಮುಗಿದು 2023ರಲ್ಲಿ ಆ ಸ್ಥಾನಕ್ಕೆ ಮತ್ತೆ ಚುನಾವಣೆ ನಡೆದಾಗ ಇಟ್ಟಂಗಿ ಅಂಗಡಿಯವರೇ ಅಧ್ಯಕ್ಷರಾದರು. ತಡೆಹಿಡಿದ ಆರು ಮನೆ ಗ್ರಾಮಸಭೆ ಮೊದಲು ಆರಿಸಿದವರಿಗೆ ಬರುತ್ತದೆ ಎಂದು ನಾನು ನಂಬಿದ್ದೆ. ಬರಲಿಲ್ಲ. ಅವಧಿ ಮುಗಿದು ಆ ಮನೆಗಳೇ ರದ್ದಾದವು. “ಬಂದ ಮನಿ ಹೊಳ್ಳಿ ಕಳಿಸಿದಾಕಿ” ಎಂದು ಊರಲ್ಲಿ ನನಗೆ ಹೆಸರಾಯಿತು. ನೀರಿನ ಟಾಕಿಯ ಹತ್ತಿರ ಕೊಡ ಇಟ್ಟರೆ ಯಾರಾದರೂ ಗಟ್ಟಿಯಾಗಿಯೇ ಅನ್ನುತ್ತಿದ್ದರು. ಅದಕ್ಕೆ ಉತ್ತರ ನನ್ನಲ್ಲಿ ಇವತ್ತಿಗೂ ಇಲ್ಲ. ಆರು ಮನೆ ಹೋದದ್ದು ನಿಜ.

2025ರ ಜೂನ್‌ನಲ್ಲಿ ಆಳಂದದ ಶಾಸಕ ಬಿ.ಆರ್. ಪಾಟೀಲರ ಆಡಿಯೊ ಟಿವಿಯಲ್ಲಿ ಬಂತಲ್ಲ, ಲಂಚ ಕೊಟ್ಟ ಪಂಚಾಯಿತಿಗಳಿಗೆ ಮನೆ ಕೊಟ್ಟಿದ್ದಾರೆ ಎಂದು ಅವರು ಆರೋಪ ಮಾಡಿದ್ದು. ಅವತ್ತು ಸಂಜೆ ನಮ್ಮ ಮನೆಯವರು ಟಿವಿ ಸದ್ದು ಜೋರು ಮಾಡಿ ನನ್ನನ್ನು ಕರೆದರು. ಆಡಳಿತ ಪಕ್ಷದ ಶಾಸಕರೇ ಹೀಗೆ ಫೋನಿನಲ್ಲಿ ಗೋಳಾಡಿದರೆ ನಾನು ಯಾವ ಲೆಕ್ಕ ಎನಿಸಿತು. ಸ್ವಲ್ಪ ಸಮಾಧಾನವೂ ಆಯಿತು. ಆಗಬಾರದಿತ್ತು.

ಆ ವರ್ಷದ ಬೇಸಿಗೆಯಲ್ಲೇ ಇನ್ನೊಂದು ನಡೆದಿತ್ತು. ಪ್ರಧಾನಮಂತ್ರಿ ಆವಾಸ್ ಯೋಜನೆಗೆ ಹೊಸದಾಗಿ ಮನೆ ಇಲ್ಲದವರ ಸಮೀಕ್ಷೆ. ಪಂಚಾಯಿತಿಯವರು ಬಂದು ಮಾಡಬಹುದು, ನಾವೇ ಮೊಬೈಲಿನಲ್ಲಿ ಆವಾಸ್ ಪ್ಲಸ್ ಆ್ಯಪ್ ಹಾಕಿಕೊಂಡು ಸ್ವಂತವೂ ಮಾಡಿಕೊಳ್ಳಬಹುದು. ಒಂದು ಮಧ್ಯಾಹ್ನ ನೆಗೆಣ್ಣಿಯ ಮಗ, ಆಗ ಕಂಕುಳಲ್ಲಿದ್ದ ಕೂಸು, ಓಡಿಬಂದು “ದೊಡ್ಡವ್ವಾ, ಅವ್ವ ಕರೀತಾಳ” ಎಂದ. ಮೂರು ವರ್ಷದಲ್ಲಿ ಮೊದಲ ಸಲ ಆ ತಗಡಿನ ಬಾಗಿಲು ದಾಟಿದೆ. ತಾಡಪತ್ರಿಯ ಮೇಲೆ ಇನ್ನೊಂದು ತಾಡಪತ್ರಿ ಬಂದಿತ್ತು. ಅವಳು ಗೋಡೆಗೆ ಒರಗಿ ಕೂತಿದ್ದಳು, ಕೈಯಲ್ಲಿ ಆಧಾರ್ ಕಾರ್ಡ್.

“ಮೆಂಬರಿಲ್ಲದ ಆಗತೈತಂತಲ್ಲ?” ಎಂದಳು.

“ಆಗತೈತಿ.”

“ಹಂಗಾರ ನೀ ಮುಟ್ಟಬ್ಯಾಡ. ನಿನ್ನ ಮಗಳಿಗೆ ಹೇಳು.”

ನನ್ನ ಮಗಳು ಪಿಯುಸಿ. ಅವಳು ಫೋನ್ ಹಿಡಿದಳು. ಮುಖ ಗುರುತಿಸಲು ಗೋಲಾಕಾರದ ಗೆರೆ ಬಂತು, ಕಣ್ಣು ಮಿಟುಕಿಸಲು ಹೇಳಿತು. ನೆಗೆಣ್ಣಿ ಮಿಟುಕಿಸಿದಳು, ಆಗಲಿಲ್ಲ. ಒಳಗೆ ಬೆಳಕು ಸಾಲದು. ಹೊರಗೆ ಅಂಗಳಕ್ಕೆ ಬಂದರು. ನಾನು ಒಳಗೇ ನಿಂತೆ. “ಚಿಗವ್ವಾ, ನಗಬ್ಯಾಡ, ಸುಮ್ನ ಕಣ್ಣು ಮಿಟುಕಸು” ಎಂದು ಮಗಳು ಹೇಳುತ್ತಿದ್ದಳು. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ನಾಲ್ಕನೇ ಸಲಕ್ಕೆ ಆಯಿತು. ಮನೆಯ ಫೋಟೋ ಹೊಡೆಯಬೇಕಾದಾಗ ಮಗಳು ತಗಡಿನ ಬಾಗಿಲ ಕಡೆ ಫೋನ್ ತಿರುಗಿಸಿ, “ಅವ್ವಾ, ನೀ ಫೋಟೋದಾಗ ಬರಾಕತ್ತೀ, ಆಚೀಕ ಸರಿ” ಎಂದಳು. ಸರಿದೆ.